ಶೇಕ್ಸ್‌ಪಿಯರ್ ಸಮಗ್ರ: ಓದಿಗೆ ಯಾವ ಆವೃತ್ತಿ?

ಎಂ.ಎ. ಇಂಗ್ಲಿಷ್ ತರಗತಿ ಶುರುವಾದ ವಾರದಲ್ಲೇ ಬೆಳಗಾವಿಯ ಪುಸ್ತಕದಂಗಡಿಗಳಲ್ಲಿ ಈ ಮಾತು ಕೇಳಿಬರುತ್ತದೆ: "ಶೇಕ್ಸ್‌ಪಿಯರ್ ಕಂಪ್ಲೀಟ್ ವರ್ಕ್ಸ್ ಕೊಡ್ರಿ." ಅಂಗಡಿಯವರು ಮೇಲಿನ ಹಲಗೆಯಿಂದ ಇಳಿಸಿ ಕೊಡುವುದು ಬಹಳ ಸಲ ದಪ್ಪ ರಟ್ಟಿನ, ಹಾಳೆಯ ಅಂಚಿಗೆ ಬಂಗಾರದ ಬಣ್ಣ ಬಳಿದ, ಪುಟಕ್ಕೆರಡು ಕಾಲಮ್ಮಿನ ಪುಸ್ತಕ. ಬೆಲೆ ಕಡಿಮೆ, ನೋಡಲು ಚಲೋ. ಒಳಗೆ ಸಂಪಾದಕರ ಹೆಸರಿಲ್ಲ, ಅಡಿಟಿಪ್ಪಣಿ ಇಲ್ಲ, ಸಾಲಿನ ಸಂಖ್ಯೆಯೂ ಇರುವುದಿಲ್ಲ. ಮೊದಲ ಸೆಮಿಸ್ಟರ್ ಮುಗಿಯುವುದರೊಳಗೆ ಅದು ಕಪಾಟು ಸೇರಿ, ಕೈಯಲ್ಲಿ ಗೈಡು ಉಳಿದಿರುತ್ತದೆ. ಹುಡುಗರಿಗೆ ಓದುವ ಮನಸ್ಸಿಲ್ಲ ಎಂದು ಬೈಯುವುದು ಸುಲಭ. ಆದರೆ ಆ ಪುಸ್ತಕವನ್ನು ಇಟ್ಟುಕೊಂಡು ಯಾರೇ ಆದರೂ ಹ್ಯಾಮ್ಲೆಟ್‌ನ ಎರಡನೇ ಅಂಕ ದಾಟುವುದು ಕಷ್ಟ.

ಸಮಗ್ರ ಸಂಪುಟ ಕೊಳ್ಳುವಾಗ ಜನ ಬೆಲೆ ಕೇಳುತ್ತಾರೆ, ಪುಟ ಎಣಿಸುತ್ತಾರೆ, ಪ್ರಕಾಶಕರ ಹೆಸರು ನೋಡುತ್ತಾರೆ. ಇವೆಲ್ಲಕ್ಕಿಂತ ಮೊದಲು ಎರಡು ಸಂಗತಿ ನೋಡಬೇಕು. ಈ ಪುಸ್ತಕ ಯಾವ ಮೂಲಪಾಠವನ್ನು ಅಚ್ಚು ಹಾಕಿದೆ? ಕಠಿಣ ಮಾತಿನ ಅರ್ಥ ಎಲ್ಲಿ ಕೊಟ್ಟಿದೆ: ಅದೇ ಪುಟದಲ್ಲೋ, ಪುಸ್ತಕದ ಕೊನೆಯಲ್ಲೋ? ಈ ಎರಡು ಗೊತ್ತಾದರೆ ಉಳಿದ ಆಯ್ಕೆ ತಾನಾಗಿ ಸರಿಹೋಗುತ್ತದೆ.

ಮೂಲ ಎಂದರೆ ಯಾವುದು

ಪಾಠಾಂತರ ಎಂಬುದು ನಮ್ಮ ಸೀಮೆಗೆ ಹೊಸ ಮಾತಲ್ಲ. ಫ.ಗು. ಹಳಕಟ್ಟಿಯವರು ವಿಜಯಪುರದಲ್ಲಿ ಕುಳಿತು ತಾಳೆಗರಿ ಕೂಡಿಸಿ, 1923ರಲ್ಲಿ ವಚನಶಾಸ್ತ್ರ ಸಾರದ ಮೊದಲ ಭಾಗ ತಂದರು. ಒಂದೇ ವಚನ ಒಂದು ಕಟ್ಟಿನಲ್ಲಿ ಒಂದು ಥರ, ಇನ್ನೊಂದರಲ್ಲಿ ಇನ್ನೊಂದು ಥರ ಇರುತ್ತದೆ. ಯಾವುದನ್ನು ಹಿಡಿಯಬೇಕು ಎಂದು ಸಂಪಾದಕ ತೀರ್ಮಾನಿಸಬೇಕಾಗುತ್ತದೆ. ಶೇಕ್ಸ್‌ಪಿಯರನ ಕಥೆಯೂ ಹೀಗೇ ಇದೆ. ಅವನ ಕೈಬರಹದ ನಾಟಕಗಳು ಉಳಿದಿಲ್ಲ. ಅವನು ತೀರಿಕೊಂಡದ್ದು 1616ರಲ್ಲಿ. ಏಳು ವರ್ಷದ ಮೇಲೆ, 1623ರಲ್ಲಿ, ಅವನ ಕಂಪನಿಯ ಇಬ್ಬರು ನಟರು, ಹೆಮಿಂಗ್ಸ್ ಮತ್ತು ಕಾಂಡೆಲ್, 36 ನಾಟಕ ಕೂಡಿಸಿ ಒಂದು ದೊಡ್ಡ ಸಂಪುಟ ತಂದರು. ಅದೇ ಮೊದಲ ಫೋಲಿಯೊ. ಅದರಲ್ಲಿ 18 ನಾಟಕ ಅಚ್ಚು ಕಂಡದ್ದೇ ಆಗ ಮೊದಲ ಸಲ. ಉಳಿದವುಗಳಲ್ಲಿ ಹೆಚ್ಚಿನವು ಅದಕ್ಕೂ ಮುಂಚೆ ಕ್ವಾರ್ಟೊ ಎಂಬ ಸಣ್ಣ ಪುಸ್ತಕಗಳಾಗಿ ಬಂದಿದ್ದವು. ಕ್ವಾರ್ಟೊದ ಮಾತಿಗೂ ಫೋಲಿಯೊದ ಮಾತಿಗೂ ಎಷ್ಟೋ ಕಡೆ ತಾಳೆ ಬೀಳುವುದಿಲ್ಲ.

ಮ್ಯಾಕ್‌ಬೆತ್, ಟೆಂಪೆಸ್ಟ್, ಜೂಲಿಯಸ್ ಸೀಸರ್, ಟ್ವೆಲ್ಫ್ತ್ ನೈಟ್, ಆಸ್ ಯು ಲೈಕ್ ಇಟ್: ಇವಕ್ಕೆ ಫೋಲಿಯೊ ಒಂದೇ ಆಧಾರ. ನಿಮ್ಮ ಪಠ್ಯದಲ್ಲಿ ಇವಷ್ಟೇ ಇದ್ದರೆ ಪಾಠಾಂತರದ ತಲೆನೋವು ಹೆಚ್ಚಿಲ್ಲ. ಟಿಪ್ಪಣಿ ಚೆನ್ನಾಗಿರುವ ಪುಸ್ತಕ ನೋಡಿ ತಗೊಳ್ಳಿ. ತೊಡಕಿರುವುದು ಹ್ಯಾಮ್ಲೆಟ್, ಲಿಯರ್, ಒಥೆಲೊ ನಾಟಕಗಳಲ್ಲಿ. ಪಠ್ಯಕ್ರಮದಲ್ಲಿ ಮೇಲಿಂದ ಮೇಲೆ ಬರುವವೂ ಇವೇ.

ಹ್ಯಾಮ್ಲೆಟ್‌ಗೆ ಮೂರು ಮೂಲ. 1603ರ ಮೊದಲ ಕ್ವಾರ್ಟೊ ಸುಮಾರು 2,200 ಸಾಲಿನದು. 1604–05ರ ಎರಡನೆಯದು ಸುಮಾರು 3,800 ಸಾಲಿನದು. ಫೋಲಿಯೊ ಪಾಠದಲ್ಲಿ ಎರಡನೇ ಕ್ವಾರ್ಟೊದ ಸುಮಾರು 230 ಸಾಲು ಇಲ್ಲ. ಅಲ್ಲಿಲ್ಲದ ಸುಮಾರು 70 ಸಾಲು ಇದರಲ್ಲಿವೆ. ಕಾಣೆಯಾದ ಸಾಲುಗಳು ಸಣ್ಣಪುಟ್ಟವೇನಲ್ಲ. ನಾಲ್ಕನೇ ಅಂಕದ ನಾಲ್ಕನೇ ದೃಶ್ಯದಲ್ಲಿ ಫೋರ್ಟಿನ್‌ಬ್ರಾಸನ ಸೈನ್ಯ ನೋಡಿ ಹ್ಯಾಮ್ಲೆಟ್ ತನ್ನನ್ನೇ ಹಳಿದುಕೊಳ್ಳುವ 35 ಸಾಲಿನ ಸ್ವಗತ ಇದೆಯಲ್ಲ, "ಹೌ ಆಲ್ ಅಕೇಶನ್ಸ್" ಎಂದು ಶುರುವಾಗುವುದು, ಅದು ಎರಡನೇ ಕ್ವಾರ್ಟೊದಲ್ಲಿ ಮಾತ್ರ ಇದೆ. "ಡೆನ್ಮಾರ್ಕ್ ಒಂದು ಸೆರೆಮನೆ" ಎಂಬ ಮಾತು ಫೋಲಿಯೊದಲ್ಲಿ ಮಾತ್ರ ಇದೆ. ಹ್ಯಾಮ್ಲೆಟನ ವಿಳಂಬದ ಮೇಲೆ ಹತ್ತು ಅಂಕದ ಪ್ರಶ್ನೆ ಬರೆಯುವವರಿಗೆ ಆ ಸ್ವಗತ ತಮ್ಮ ಪುಸ್ತಕದಲ್ಲಿ ಎಲ್ಲಿದೆ ಎಂಬುದು ತಿಳಿದಿರಲೇಬೇಕು.

ಲಿಯರ್‌ಗೆ ಎರಡು ಮೂಲ. 1608ರ ಕ್ವಾರ್ಟೊದಲ್ಲಿ ಮಾತ್ರ ಇರುವ ಸಾಲು ಸುಮಾರು 300, ಫೋಲಿಯೊದಲ್ಲಿ ಮಾತ್ರ ಇರುವುದು ಸುಮಾರು 100. ಹುಚ್ಚು ಹಿಡಿದ ಲಿಯರ್ ತನ್ನ ಹೆಣ್ಣುಮಕ್ಕಳನ್ನು ಕಟಕಟೆಗೆ ನಿಲ್ಲಿಸಿದಂತೆ ಭಾವಿಸಿ ವಿಚಾರಣೆ ನಡೆಸುವ ಮೂರನೇ ಅಂಕದ ಭಾಗ ಕ್ವಾರ್ಟೊದಲ್ಲಿ ಮಾತ್ರ ಇದೆ. ಸತ್ತ ಕಾರ್ಡೀಲಿಯಾಳ ತುಟಿಯ ಕಡೆ ಬೆರಳು ಮಾಡಿ "ನೋಡಿ, ಅಲ್ಲಿ ನೋಡಿ" ಎನ್ನುತ್ತಾ ಲಿಯರ್ ಸಾಯುವುದು ಫೋಲಿಯೊದಲ್ಲಿ ಮಾತ್ರ. ನಾಟಕದ ಕೊನೆಯ ಮಾತನ್ನು ಕ್ವಾರ್ಟೊದಲ್ಲಿ ಆಲ್ಬನಿ ಆಡಿದರೆ ಫೋಲಿಯೊದಲ್ಲಿ ಎಡ್ಗರ್ ಆಡುತ್ತಾನೆ. ರಾಜ್ಯ ಯಾರ ಕೈಗೆ ಹೋಯಿತು ಎಂಬ ಪ್ರಶ್ನೆಯ ಉತ್ತರವೇ ಇದರಿಂದ ಬದಲಾಗುತ್ತದೆ.

ಇನ್ನು ಒಥೆಲೊ. ಸಾಯುವ ಮುನ್ನ ಅವನು ತನ್ನನ್ನು ಯಾರಿಗೆ ಹೋಲಿಸಿಕೊಳ್ಳುತ್ತಾನೆ ಎಂಬುದನ್ನು ನಿಧಾನವಾಗಿ ನೋಡಬೇಕು. ತನ್ನ ಇಡೀ ಕುಲಕ್ಕಿಂತ ಬೆಲೆಬಾಳುವ ಮುತ್ತನ್ನು ಬಿಸಾಡಿದ ಒಬ್ಬ ಮನುಷ್ಯನ ಹಾಗೆ ನಾನು ಎನ್ನುತ್ತಾನೆ. 1622ರ ಕ್ವಾರ್ಟೊದಲ್ಲಿ ಆ ಮನುಷ್ಯ "ಇಂಡಿಯನ್". 1623ರ ಫೋಲಿಯೊದಲ್ಲಿ "ಜೂಡಿಯನ್". ಮೊದಲನೆಯದಾದರೆ ಅವನು ಮುತ್ತಿನ ಬೆಲೆ ತಿಳಿಯದವನು. ಎರಡನೆಯದಾದರೆ ಯೇಸುವಿಗೆ ದ್ರೋಹ ಬಗೆದ ಜೂದಾಸನ ನೆನಪು ಬರುತ್ತದೆ, ಇಲ್ಲವೆ ಹೆಂಡತಿಯನ್ನು ಅಸೂಯೆಯಿಂದ ಕೊಲ್ಲಿಸಿದ ಹೆರೋದನದು. ಒಂದು ಅಜ್ಞಾನ, ಇನ್ನೊಂದು ದ್ರೋಹ. ಇಷ್ಟು ದೊಡ್ಡ ವ್ಯತ್ಯಾಸ ಬಂದಿರಬಹುದಾದ ದಾರಿ ಬಹಳ ಚಿಕ್ಕದು. ಆಗಿನ ಅಚ್ಚಿನಲ್ಲಿ ಐ ಮತ್ತು ಜೆ ಎರಡಕ್ಕೂ ಒಂದೇ ಅಕ್ಷರ. ಎನ್ ಅಕ್ಷರದ ಅಚ್ಚುಮೊಳೆ ತಲೆಕೆಳಗಾಗಿ ಕೂತರೆ ಯು ಎಂದು ಕಾಣುತ್ತದೆ. ಮೊಳೆ ಜೋಡಿಸುವವನ ಬೆರಳು ಒಂದು ಸಲ ತಪ್ಪಿದರೆ ಸಾಕು, ಇಂಡಿಯನ್ ಜೂಡಿಯನ್ ಆಗುತ್ತಾನೆ. ಸಂಪಾದಕರು ಇಂದಿಗೂ ಇಲ್ಲಿ ಎರಡು ಪಂಗಡ. ಚೆನ್ನಾದ ಆವೃತ್ತಿ ಯಾವುದನ್ನು ಹಿಡಿದರೂ ಇನ್ನೊಂದು ಪಾಠವನ್ನು ಟಿಪ್ಪಣಿಯಲ್ಲಿ ಹೇಳುತ್ತದೆ. ಹೆಸರಿಲ್ಲದ ಅಗ್ಗದ ಪ್ರತಿ ಒಂದನ್ನು ಅಚ್ಚು ಹಾಕಿ ಸುಮ್ಮನಾಗುತ್ತದೆ. ಇಲ್ಲಿ ಪ್ರಶ್ನೆ ಇದೆ ಎಂಬುದೇ ಓದುವವರಿಗೆ ತಿಳಿಯುವುದಿಲ್ಲ.

ಟಿಪ್ಪಣಿ ಅದೇ ಪುಟದಲ್ಲಿ ಇರಬೇಕು

ಗೊತ್ತಿಲ್ಲದ ಪದಕ್ಕೆ ನಿಘಂಟು ನೋಡುತ್ತೇವೆ. ಗೊತ್ತಿದೆ ಎಂದುಕೊಂಡ ಪದಕ್ಕೆ ಯಾರೂ ನೋಡುವುದಿಲ್ಲ. ನಮ್ಮ ಕಡೆಯ ವಿದ್ಯಾರ್ಥಿಗಳು ಎಡವುವುದು ಈ ಎರಡನೇ ಜಾಗದಲ್ಲಿ.

ಹ್ಯಾಮ್ಲೆಟ್ ಮೊದಲ ಅಂಕದ ನಾಲ್ಕನೇ ದೃಶ್ಯ. ಅಪ್ಪನ ಪ್ರೇತ ಕೈ ಮಾಡಿ ಕರೆಯುತ್ತಿದೆ, ಗೆಳೆಯರು ಹಿಡಿದುಕೊಂಡಿದ್ದಾರೆ. ಆಗ ಅವನು "ಲೆಟ್" ಎಂಬ ಪದ ಬಳಸಿ ಒಂದು ಮಾತು ಆಡುತ್ತಾನೆ. ಇಂದಿನ ಇಂಗ್ಲಿಷ್ ಬಲ್ಲವರಿಗೆ ಅದು "ನನಗೆ ಬಿಟ್ಟುಕೊಟ್ಟವನನ್ನು ಪ್ರೇತ ಮಾಡುತ್ತೇನೆ" ಎಂದು ಕೇಳಿಸುತ್ತದೆ. ಆ ಕಾಲದಲ್ಲಿ ಆ ಪದಕ್ಕೆ "ತಡೆ" ಎಂಬ ಅರ್ಥವೂ ಇತ್ತು. "ನನ್ನನ್ನು ತಡೆದವನನ್ನು ಪ್ರೇತ ಮಾಡುತ್ತೇನೆ" ಎಂಬುದು ಅವನ ಮಾತು. ಅರ್ಥ ಪೂರಾ ಉಲ್ಟಾ. ಹೀಗೇ "ಡೌಟ್" ಎಂದರೆ ಎಷ್ಟೋ ಕಡೆ "ಹೀಗೇ ಇರಬೇಕೆಂಬ ಗುಮಾನಿ", "ಪ್ರೆಸೆಂಟ್ಲಿ" ಎಂದರೆ "ಈಗಿಂದೀಗಲೇ", "ಫಾಂಡ್" ಎಂದರೆ "ಮರುಳ". ಲಿಯರ್ ತನ್ನನ್ನು ಫಾಂಡ್ ಮುದುಕ ಎಂದು ಕರೆದುಕೊಂಡಾಗ ಪ್ರೀತಿಯ ಅಜ್ಜ ಎಂದು ಬರೆದ ಉತ್ತರಪತ್ರಿಕೆಗಳು ಕಡಿಮೆಯೇನಿಲ್ಲ.

ಕೊನೆಯಲ್ಲಿ ಪದಕೋಶ ಇರುವ ಪುಸ್ತಕ ಇಂಥ ಕಡೆ ಕೆಲಸಕ್ಕೆ ಬಾರದು, ಏಕೆಂದರೆ ನೀವು ಹುಡುಕಲೇ ಹೋಗುವುದಿಲ್ಲ. ಅದೇ ಪುಟದ ಅಡಿಯಲ್ಲೋ ಪಕ್ಕದಲ್ಲೋ ಅರ್ಥ ಇದ್ದರೆ ಕಣ್ಣು ಬೀಳುತ್ತದೆ. ಇಂಗ್ಲಿಷ್ ಮನೆಮಾತಲ್ಲದ ನಮಗೆ ಇದು ಎಲ್ಲಕ್ಕಿಂತ ದೊಡ್ಡ ಅಳತೆಗೋಲು.

ಸಂಪುಟಗಳು, ಒಂದೊಂದಾಗಿ

ನಾರ್ಟನ್. ಸ್ಟೀಫನ್ ಗ್ರೀನ್‌ಬ್ಲಾಟ್ ಪ್ರಧಾನ ಸಂಪಾದಕರು. ಮೊದಲ ಆವೃತ್ತಿ 1997, ಎರಡನೆಯದು 2008. ಇವೆರಡೂ ಆಕ್ಸ್‌ಫರ್ಡ್ ಪಾಠವನ್ನು ಆಧರಿಸಿದವು. ಮೂರನೆಯದರಲ್ಲಿ ಪಾಠವನ್ನೇ ಹೊಸದಾಗಿ ಸಂಪಾದಿಸಿದ್ದಾರೆ. ಪುಟಕ್ಕೆ ಒಂದೇ ಕಾಲಮ್ಮು, ಸಣ್ಣ ಅರ್ಥ ಸಾಲಿನ ಪಕ್ಕದಲ್ಲೇ, ಉದ್ದನೆಯ ವಿವರಣೆ ಅಡಿಯಲ್ಲಿ. ಪ್ರತಿ ನಾಟಕಕ್ಕೂ ಗಟ್ಟಿಯಾದ ಮುನ್ನುಡಿ ಇದೆ. ಮೊದಲ ಎರಡು ಆವೃತ್ತಿಗಳಲ್ಲಿ ಲಿಯರ್‌ನ ಕ್ವಾರ್ಟೊ ಮತ್ತು ಫೋಲಿಯೊ ಎದುರುಬದುರು ಪುಟದಲ್ಲಿವೆ, ಎರಡನ್ನೂ ಬೆಸೆದ ಪಾಠವೂ ಇದೆ. ಈ ಎದುರುಬದುರು ಲಿಯರ್‌ನಷ್ಟು ಚೆನ್ನಾಗಿ ಪಾಠಾಂತರ ಕಲಿಸುವ ಪುಸ್ತಕ ಇನ್ನೊಂದಿಲ್ಲ. ಎಡಪುಟ ತುಂಬಿ ಬಲಪುಟ ಖಾಲಿ ಬಿದ್ದಿರುವುದನ್ನು ನೋಡಿದರೆ ಸಾಕು, ಏನು ಕಾಣೆಯಾಗಿದೆ ಎಂದು ಯಾರೂ ಹೇಳಬೇಕಿಲ್ಲ. ಎಂ.ಎ. ವಿದ್ಯಾರ್ಥಿ ಒಂದೇ ಸಂಪುಟ ಕೊಳ್ಳುವುದಾದರೆ ನಮ್ಮ ಮತ ಇದಕ್ಕೇ. ಎರಡನೇ ಆವೃತ್ತಿಯ ಹಳೆಯ ಪ್ರತಿ ಸಿಕ್ಕರೂ ಬಿಡಬೇಡಿ. ಕೊರತೆ ಎಂದರೆ ತೂಕ ಮತ್ತು ಕಾಗದ. 3,000ಕ್ಕೂ ಹೆಚ್ಚು ಪುಟ, ಹಾಳೆ ಬೈಬಲ್ ಕಾಗದದಷ್ಟು ತೆಳ್ಳಗೆ. ಹೈಲೈಟರ್ ಹಚ್ಚಿದರೆ ಹಿಂಬದಿಗೆ ಇಳಿಯುತ್ತದೆ, ಪೆನ್ಸಿಲ್ ಮಾತ್ರ ನಡೆಯುತ್ತದೆ. ಮೂರನೇ ಆವೃತ್ತಿಯ ಜೊತೆ ಡಿಜಿಟಲ್ ಪ್ರತಿಗೆ ಕೋಡ್ ಬರುತ್ತದೆ. ಸೆಕೆಂಡ್ ಹ್ಯಾಂಡ್ ಕೊಂಡರೆ ಆ ಕೋಡ್ ಆಗಲೇ ಬಳಕೆಯಾಗಿರಬಹುದು. ಅದಕ್ಕೆಂದು ಹೆಚ್ಚಿಗೆ ಹಣ ಕೊಡಬೇಡಿ.

ಆರ್‌ಎಸ್‌ಸಿ. ರಾಯಲ್ ಶೇಕ್ಸ್‌ಪಿಯರ್ ಕಂಪನಿಗಾಗಿ ಜೊನಾಥನ್ ಬೇಟ್ ಮತ್ತು ಎರಿಕ್ ರಾಸ್ಮುಸೆನ್ 2007ರಲ್ಲಿ ತಂದದ್ದು. 2022ರಲ್ಲಿ ಎರಡನೇ ಆವೃತ್ತಿ ಬಂತು. ಫೋಲಿಯೊವನ್ನೇ ಹಿಡಿದು ನಡೆಯುತ್ತದೆ. ಆದ್ದರಿಂದ ಹ್ಯಾಮ್ಲೆಟನ ಆ ಸ್ವಗತ ನಾಲ್ಕನೇ ಅಂಕದಲ್ಲಿ ಸಿಗುವುದಿಲ್ಲ. ನಾಟಕ ಮುಗಿದ ಮೇಲೆ ಕ್ವಾರ್ಟೊದ ಭಾಗಗಳನ್ನು ಬೇರೆಯಾಗಿ ಕೊಟ್ಟಿದ್ದಾರೆ, ಅಲ್ಲಿ ಹುಡುಕಬೇಕು. ಅಡಿಟಿಪ್ಪಣಿ ಧಾರಾಳ. ಬೇರೆ ಸಂಪುಟಗಳು ನಾಚಿ ಬಿಡುವ ಅಶ್ಲೀಲ ಶ್ಲೇಷೆಗಳನ್ನೂ ಇಲ್ಲಿ ಬಿಡಿಸಿ ಹೇಳಿದ್ದಾರೆ. ನಾಟಕ ಆಡಿಸುವವರಿಗೆ ಇದರಷ್ಟು ಉಪಯೋಗದ ಸಂಪುಟ ಇಲ್ಲ: ಪ್ರತಿ ನಾಟಕದ ಮುಂದೆ ಮುಖ್ಯ ಪಾತ್ರಗಳು ಇಡೀ ನಾಟಕದ ಶೇಕಡಾ ಎಷ್ಟು ಸಾಲು ಆಡುತ್ತವೆ, ಎಷ್ಟು ಸಲ ಮಾತಾಡುತ್ತವೆ, ಎಷ್ಟು ದೃಶ್ಯದಲ್ಲಿ ರಂಗದ ಮೇಲಿರುತ್ತವೆ, ಪದ್ಯ ಎಷ್ಟು ಗದ್ಯ ಎಷ್ಟು ಎಂಬ ಲೆಕ್ಕ ಕೊಟ್ಟಿದ್ದಾರೆ. ಕಂದಗಲ್ಲ ಹಣಮಂತರಾಯರನ್ನು ಕರ್ನಾಟಕದ ಶೇಕ್ಸ್‌ಪಿಯರ್ ಎಂದು ಕರೆದು ಅವರ ಹೆಸರಿನಲ್ಲೇ ರಂಗಮಂದಿರ ಇಟ್ಟುಕೊಂಡ ಊರು ವಿಜಯಪುರ. ಅಲ್ಲಿಯೋ ಬಾಗಲಕೋಟೆಯಲ್ಲಿಯೋ ಹವ್ಯಾಸಿ ತಂಡ ಕಟ್ಟಿಕೊಂಡು ಪಾರ್ಟು ಹಂಚುವವರಿಗೆ ಈ ಲೆಕ್ಕ ಕೈಗೆ ಸಿಕ್ಕರೆ ಒಂದು ವಾರದ ಕೆಲಸ ಉಳಿಯುತ್ತದೆ.

ಆಕ್ಸ್‌ಫರ್ಡ್. ಸ್ಟಾನ್ಲಿ ವೆಲ್ಸ್ ಮತ್ತು ಗ್ಯಾರಿ ಟೇಲರ್ ಅವರ 1986ರ ಆವೃತ್ತಿ, 2005ರಲ್ಲಿ ಎರಡನೆಯದು. ಲಿಯರ್ ಒಂದಲ್ಲ, ಎರಡು ಎಂದು ಎರಡನ್ನೂ ಪೂರ್ತಿ ಅಚ್ಚು ಹಾಕಿದ ಸಂಪುಟ ಇದು. ವಿದ್ವತ್ತಿಗೆ ಎರಡು ಮಾತಿಲ್ಲ. ಆದರೆ ಮೊದಲ ಓದಿಗೆ ಇದನ್ನು ಹಿಡಿದವರು ದಾರಿ ತಪ್ಪುತ್ತಾರೆ. ನಾಟಕಗಳು ಬರೆದ ಕಾಲದ ಕ್ರಮದಲ್ಲಿವೆ. ಹೆಸರುಗಳೂ ಬೇರೆ: ಹೆನ್ರಿ ದಿ ಎಯ್ತ್ ಹುಡುಕಿದರೆ "ಆಲ್ ಈಸ್ ಟ್ರೂ" ಎಂದಿರುತ್ತದೆ, ಹೆನ್ರಿ ದಿ ಫೋರ್ತ್ ಮೊದಲ ಭಾಗದಲ್ಲಿ ಫಾಲ್‌ಸ್ಟಾಫ್ ಇರುವುದಿಲ್ಲ, ಅವನ ಮೂಲ ಹೆಸರಾದ ಓಲ್ಡ್‌ಕಾಸಲ್ ಇರುತ್ತದೆ, ಸಿಂಬಲೀನ್‌ನ ಇಮೊಜೆನ್ ಇಲ್ಲಿ ಇನ್ನೊಜೆನ್. ಹ್ಯಾಮ್ಲೆಟ್‌ನ ಕ್ವಾರ್ಟೊ ಸಾಲುಗಳು ನಾಟಕದ ಹಿಂದೆ "ಹೆಚ್ಚುವರಿ ಭಾಗ" ಆಗಿ ಕೂತಿವೆ. ಪುಟದ ಅಡಿಯಲ್ಲಿ ಅರ್ಥವಿಲ್ಲ, ಕೊನೆಯಲ್ಲಿ ಪದಕೋಶ ಅಷ್ಟೇ. 1,300ಕ್ಕೂ ಹೆಚ್ಚು ಎರಡು ಕಾಲಮ್ಮಿನ ಪುಟ. ಪಿಎಚ್‌ಡಿ ಮಾಡುವವರು ಇಟ್ಟುಕೊಳ್ಳಲಿ, ಉಳಿದವರು ಗ್ರಂಥಾಲಯದಲ್ಲಿ ನೋಡಲಿ. 2016ರ ನ್ಯೂ ಆಕ್ಸ್‌ಫರ್ಡ್ ಬೇರೆಯೇ ಯೋಜನೆ. ಹೆನ್ರಿ ದಿ ಸಿಕ್ಸ್ತ್ ನಾಟಕಗಳಿಗೆ ಅದೇ ಕಾಲದ ಇನ್ನೊಬ್ಬ ನಾಟಕಕಾರ ಮಾರ್ಲೊನನ್ನು ಸಹಲೇಖಕ ಎಂದು ಹೆಸರಿಸಿ ದೊಡ್ಡ ಚರ್ಚೆ ಎಬ್ಬಿಸಿತು. ಎರಡೂ ಒಂದೇ ಎಂದು ತಿಳಿದು ಆರ್ಡರ್ ಮಾಡಬೇಡಿ.

ಆರ್ಡೆನ್ ಸಮಗ್ರ. ಹೆಸರಿನಿಂದ ಮೋಸಹೋಗುವುದು ಇಲ್ಲೇ ಹೆಚ್ಚು. ಆರ್ಡೆನ್ ಎಂದರೆ ಅರ್ಧ ಪುಟ ಟಿಪ್ಪಣಿ ಎಂದು ಎಲ್ಲರಿಗೂ ಗೊತ್ತು. ಅದು ಬಿಡಿ ನಾಟಕಗಳ ಮಾತು. 1998ರಲ್ಲಿ ಬಂದು 2001ರಲ್ಲಿ ಪರಿಷ್ಕಾರವಾದ ಸಮಗ್ರ ಸಂಪುಟದಲ್ಲಿ ಆ ಟಿಪ್ಪಣಿ ಯಾವುದೂ ಇಲ್ಲ. ಪ್ರತಿ ನಾಟಕಕ್ಕೆ ಚಿಕ್ಕ ಪರಿಚಯ, ಕೊನೆಗೆ ಪದಕೋಶ, ನಾಟಕಗಳು ಅಕಾರಾದಿಯಲ್ಲಿ. ಬಿಡಿ ಆರ್ಡೆನ್‌ಗಳು ಮನೆಯಲ್ಲಿದ್ದವರಿಗೆ ಮಾತ್ರ ಇದು ಹೊಂದುತ್ತದೆ.

ರಿವರ್‌ಸೈಡ್, 1974, ಎರಡನೇ ಆವೃತ್ತಿ 1997. ಕ್ವಾರ್ಟೊ ಫೋಲಿಯೊ ಬೆಸೆದ ಪಾಠ; ಸಂಪಾದಕ ಕೈಹಾಕಿದ ಕಡೆಯೆಲ್ಲ ಚೌಕ ಕಂಸ. ಎಷ್ಟೋ ವಿಮರ್ಶೆಯ ಪುಸ್ತಕಗಳು ಇದರ ಸಾಲಿನ ಸಂಖ್ಯೆಯನ್ನೇ ಬಳಸುತ್ತವೆ. ಕಾಲೇಜು ಗ್ರಂಥಾಲಯದಲ್ಲಿದ್ದರೆ ಅಲ್ಲಿಯೇ ಬಳಸಿ.

ಹೆಸರಿಲ್ಲದ ಅಗ್ಗದ ಪ್ರತಿಗಳಲ್ಲಿ ಇರುವುದು ಸಾಮಾನ್ಯವಾಗಿ ಹಕ್ಕು ಮುಗಿದ ಹಳೆಯ ಪಾಠ. ಅಂತರ್ಜಾಲದಲ್ಲಿ ಪುಕ್ಕಟೆ ಸಿಗುವ ಬಹಳಷ್ಟು ಪಾಠದ ಬೇರು 1864ರ ಗ್ಲೋಬ್ ಆವೃತ್ತಿ. ಅದು ಕೆಟ್ಟ ಪಾಠವಲ್ಲ. ಕ್ಲಾರ್ಕ್ ಮತ್ತು ರೈಟ್ ದೊಡ್ಡ ಸಂಪಾದಕರೇ. ಆದರೆ ಆಮೇಲಿನ ನೂರೈವತ್ತು ವರ್ಷದ ಶೋಧ ಅದರಲ್ಲಿಲ್ಲ, ಯಾವ ಸಾಲು ಎಲ್ಲಿಂದ ಬಂತು ಎಂಬ ಗುರುತೂ ಇಲ್ಲ. ಪುಕ್ಕಟೆ ಬೇಕೆಂದರೆ ಫೋಲ್ಜರ್ ಗ್ರಂಥಾಲಯದ ಡಿಜಿಟಲ್ ಪಾಠ ಇಳಿಸಿಕೊಳ್ಳಿ. ಬಾರ್ಬರಾ ಮೋವಟ್ ಮತ್ತು ಪಾಲ್ ವರ್‌ಸ್ಟೈನ್ ಸಂಪಾದಿಸಿದ್ದು; ಕ್ವಾರ್ಟೊದ ಸಾಲಿಗೆ ಒಂದು ಬಗೆಯ ಕಂಸ, ಫೋಲಿಯೊದ ಸಾಲಿಗೆ ಇನ್ನೊಂದು ಬಗೆಯದು ಹಾಕಿದ್ದಾರೆ. ಫೋನಿನಲ್ಲಿ ಪದ ಹುಡುಕುವುದಕ್ಕೂ ಇದು ಅನುಕೂಲ.

ಅಂಗಡಿಯಲ್ಲಿ ನಿಂತು ನೋಡುವುದು

ಯಾವ ಹೆಸರಿನ ಸಂಪುಟ ಕೈಗೆ ಬಂದರೂ ಐದು ನಿಮಿಷದಲ್ಲಿ ಅದರ ಯೋಗ್ಯತೆ ತಿಳಿಯಬಹುದು. ಮೊದಲು ಶೀರ್ಷಿಕೆ ಪುಟದ ಹಿಂಬದಿ: ಸಂಪಾದಕ ಯಾರು, ಪಾಠದ ವರ್ಷ ಯಾವುದು. ಮರುಮುದ್ರಣದ ವರ್ಷ ಬೇರೆ, ಪಾಠ ಸಂಪಾದಿಸಿದ ವರ್ಷ ಬೇರೆ. 2019 ಎಂದು ಕಂಡರೆ ಹೊಸದೆಂದು ಹಿಗ್ಗಬೇಡಿ. ಆಮೇಲೆ ಹ್ಯಾಮ್ಲೆಟ್ ನಾಲ್ಕನೇ ಅಂಕದ ನಾಲ್ಕನೇ ದೃಶ್ಯ ತೆಗೆಯಿರಿ. ಅದು ಹತ್ತು ಸಾಲಿಗೇ ಮುಗಿದಿದ್ದರೆ ನಿಮ್ಮ ಕೈಯಲ್ಲಿರುವುದು ಫೋಲಿಯೊ ಪಾಠ. ಬಳಿಕ ಲಿಯರ್ ಮೂರನೇ ಅಂಕದ ಆರನೇ ದೃಶ್ಯದಲ್ಲಿ ವಿಚಾರಣೆ ಇದೆಯೇ ನೋಡಿ, ಹಾಗೇ ಕೊನೆಯ ಪುಟಕ್ಕೆ ಹೋಗಿ ಕಡೆಯ ಮಾತು ಯಾರದು ನೋಡಿ. ವಿಚಾರಣೆಯೂ ಇದ್ದು, ಲಿಯರನ "ಅಲ್ಲಿ ನೋಡಿ"ಯೂ ಇದ್ದು, ಎಲ್ಲಿಯೂ ಕಂಸವಾಗಲಿ ಗುರುತಾಗಲಿ ಇಲ್ಲದಿದ್ದರೆ ಎರಡು ಮೂಲ ಬೆಸೆದು ಹೊಲಿಗೆ ಮುಚ್ಚಿದ್ದಾರೆ ಎಂದು ತಿಳಿಯಿರಿ. ಕೊನೆಗೆ ಹ್ಯಾಮ್ಲೆಟ್‌ನ ಆ "ಲೆಟ್" ಸಾಲಿಗೆ ಅದೇ ಪುಟದಲ್ಲಿ ಅರ್ಥ ಇದೆಯೇ ನೋಡಿ. ಇಲ್ಲದಿದ್ದರೆ ಪುಸ್ತಕ ವಾಪಸು ಹಲಗೆಗೆ.

ಬೈಂಡಿಂಗ್ ಮರೆಯಬೇಡಿ. ಬೆನ್ನಿನ ಮೇಲ್ತುದಿಯನ್ನು ನೇರ ನೋಡಿದಾಗ ಹಾಳೆಗಳು ಸಣ್ಣ ಸಣ್ಣ ಮಡಿಕೆಯ ಕಟ್ಟುಗಳಾಗಿ ಕಂಡರೆ ಅದು ದಾರದ ಹೊಲಿಗೆ. ಚಪ್ಪಟೆಯಾಗಿ ಅಂಟು ಮೆತ್ತಿದಂತೆ ಕಂಡರೆ ಬರೀ ಗೋಂದು. ಎರಡು ಸಾವಿರ ಪುಟವನ್ನು ಗೋಂದು ಬಹಳ ದಿನ ಹಿಡಿಯುವುದಿಲ್ಲ. ವಿಜಯಪುರದ ಬೇಸಿಗೆಯ ಒಣ ಸೆಕೆಗೆ ಅಂಟು ಬಿರಿದು ನಡುವಿನ ನಾಟಕಗಳು ಕಳಚಿಕೊಳ್ಳುತ್ತವೆ. ಬೆಳಗಾವಿಯ ಕಥೆ ಬೇರೆ: ಮಳೆಗಾಲದ ತಂಪಿಗೆ ತೆಳು ಹಾಳೆ ತೇವ ಹೀರಿ ಅಲೆ ಅಲೆಯಾಗುತ್ತದೆ, ಗೋಡೆಗೆ ತಾಗಿಸಿಟ್ಟರೆ ಬೂಜು. ಗೋಡೆಯಿಂದ ನಾಲ್ಕು ಬೆರಳು ದೂರ, ನೆಟ್ಟಗೆ ನಿಲ್ಲಿಸಿ ಇಡಬೇಕು. ಎರಡು ಕೆಜಿಗೂ ಮೀರಿದ ನಾರ್ಟನ್‌ನಂಥದನ್ನು ಮಾತ್ರ ಮಲಗಿಸಿ ಇಡುವುದೇ ವಾಸಿ. ನಿಲ್ಲಿಸಿದರೆ ಒಳಗಿನ ಹಾಳೆಯ ಭಾರಕ್ಕೆ ರಟ್ಟಿನಿಂದ ಬೆನ್ನು ಬಿಡುತ್ತದೆ.

ಪಠ್ಯದ ನಾಟಕಕ್ಕೆ ಬಿಡಿ ಪುಸ್ತಕ

ಸಮಗ್ರ ಸಂಪುಟ ಎಷ್ಟೇ ಚೆನ್ನಾಗಿರಲಿ, ಪರೀಕ್ಷೆಗೆ ಇಟ್ಟಿರುವ ನಾಟಕವನ್ನು ಬಿಡಿ ಪುಸ್ತಕದಲ್ಲೇ ಓದಬೇಕು. ಇದರಲ್ಲಿ ರಾಜಿ ಬೇಡ. ಹಣ ಕಡಿಮೆ ಇದ್ದರೆ ಸಮಗ್ರವನ್ನು ಬಿಟ್ಟು ಬಿಡಿಯನ್ನೇ ತಗೊಳ್ಳಿ.

ಲಿಯರ್‌ಗೆ ಆರ್.ಎ. ಫೋಕ್ಸ್ ಅವರ 1997ರ ಆರ್ಡೆನ್ ಅತ್ಯುತ್ತಮ. ಕ್ವಾರ್ಟೊದ ಭಾಗ ಶುರುವಾಗುವ ಕಡೆ, ಮುಗಿಯುವ ಕಡೆ ಸಣ್ಣ ಕ್ಯೂ ಅಕ್ಷರ. ಫೋಲಿಯೊಗೆ ಹಾಗೇ ಎಫ್. ಒಂದೇ ಪುಸ್ತಕದಲ್ಲಿ ಎರಡೂ ನಾಟಕ ಕಾಣುತ್ತವೆ. ಇದೇ ನಾಟಕದ ಆಕ್ಸ್‌ಫರ್ಡ್ ವರ್ಲ್ಡ್ಸ್ ಕ್ಲಾಸಿಕ್ಸ್ ಆವೃತ್ತಿ, ವೆಲ್ಸ್ ಅವರದು, ಕ್ವಾರ್ಟೊ ಆಧರಿಸಿದ್ದು. ಅದರಲ್ಲಿ ಅಂಕಗಳೇ ಇಲ್ಲ, ದೃಶ್ಯ ಸಂಖ್ಯೆ ಮಾತ್ರ. ನ್ಯೂ ಕೇಂಬ್ರಿಡ್ಜ್‌ನ ಜೇ ಹೇಲಿಯೊ ಅವರದು ಫೋಲಿಯೊ ಆಧರಿಸಿದ್ದು. ಒಂದೇ ತರಗತಿಯಲ್ಲಿ ಈ ಮೂರೂ ಇದ್ದರೆ ಗುರುಗಳು "ಮೂರನೇ ಅಂಕ ತೆಗೀರಿ" ಎಂದಾಗ ಒಬ್ಬರಿಗೆ ಅಂಕ ಸಿಗುವುದಿಲ್ಲ, ಇನ್ನೊಬ್ಬರಿಗೆ ವಿಚಾರಣೆ ಸಿಗುವುದಿಲ್ಲ. ತರಗತಿಯವರೆಲ್ಲ ಕೂಡಿ ಒಂದೇ ಆವೃತ್ತಿ ತರಿಸಿಕೊಳ್ಳುವುದು ಒಳ್ಳೆಯದು.

ಹ್ಯಾಮ್ಲೆಟ್‌ಗೆ ಆನ್ ಥಾಂಪ್ಸನ್ ಮತ್ತು ನೀಲ್ ಟೇಲರ್ ಅವರ 2006ರ ಆರ್ಡೆನ್ ಎರಡನೇ ಕ್ವಾರ್ಟೊವನ್ನು ಕೊಡುತ್ತದೆ. ಇನ್ನೆರಡು ಪಾಠಕ್ಕೆ ಜೊತೆ ಸಂಪುಟವಿದೆ. ಹಳೆಯ ಗ್ರಂಥಾಲಯಗಳಲ್ಲಿ ಹೆರಾಲ್ಡ್ ಜೆಂಕಿನ್ಸ್ ಅವರ 1982ರ ಆರ್ಡೆನ್ ಇದ್ದರೆ ಅದರ ಕೊನೆಯ ಉದ್ದನೆಯ ಟಿಪ್ಪಣಿಗಳನ್ನು ತಪ್ಪದೆ ಓದಿ, ಇಂದಿಗೂ ಅವುಗಳ ಬೆಲೆ ತಗ್ಗಿಲ್ಲ. ಅಂಥ ಗ್ರಂಥಾಲಯಗಳಲ್ಲಿ ವೆರಿಟಿಯವರ ಪುಟ್ಟ ಪುಸ್ತಕಗಳೂ ಸಿಗುತ್ತವೆ. ವ್ಯಾಕರಣ, ಪದದ ಹುಟ್ಟು ತಿಳಿಯಲು ಚಲೋ. ಶಾಲೆಗೆಂದು ಸಿದ್ಧ ಮಾಡಿದವಾದ್ದರಿಂದ ಪೋಲಿ ಮಾತುಗಳಿಗೆ ಕತ್ತರಿ ಬಿದ್ದಿರುತ್ತದೆ. ಅವನ್ನೇ ಪೂರ್ಣ ಪಾಠ ಎಂದುಕೊಳ್ಳಬೇಡಿ.

ಇಂಗ್ಲಿಷ್ ಓದು ಇನ್ನೂ ಹಿಡಿತಕ್ಕೆ ಬಾರದ ಪದವಿ ವಿದ್ಯಾರ್ಥಿಗೆ ಬಿಡಿ ಫೋಲ್ಜರ್ ಸಾಕು. ಬಲಪುಟದಲ್ಲಿ ನಾಟಕ, ಎಡಪುಟದಲ್ಲಿ ಅರ್ಥ. ಮೂಲದ ಪಕ್ಕ ಇಂದಿನ ಇಂಗ್ಲಿಷಿನಲ್ಲಿ ಬಿಡಿಸಿ ಬರೆದ ಪುಸ್ತಕಗಳೂ ಬಂದಿವೆ. ಕಥೆ ಹಿಡಿಯಲು ಒಂದು ಸಲ ಓದಿ, ಉತ್ತರದಲ್ಲಿ ಉದ್ಧರಿಸಬೇಡಿ. ಮ್ಯಾಕ್‌ಬೆತ್‌ನ ಹೆಂಡತಿ ಮಲಗಿದ ಕಾವಲುಗಾರರ ಮುಖಕ್ಕೆ ರಕ್ತದ "ಗಿಲ್ಡ್" ಬಳಿದು "ಗಿಲ್ಟ್" ಅವರದೆಂದು ತೋರಿಸುತ್ತೇನೆ ಎನ್ನುತ್ತಾಳೆ. ಬಂಗಾರದ ಲೇಪವೂ ಅಪರಾಧವೂ ಒಂದೇ ಸದ್ದಿನಲ್ಲಿ ಬಂದು ಮೈ ಜುಮ್ಮೆನ್ನುತ್ತದೆ. ಬಿಡಿಸಿ ಬರೆದ ಪುಟದಲ್ಲಿ ರಕ್ತ ಹಚ್ಚುವುದು ಮಾತ್ರ ಉಳಿಯುತ್ತದೆ.

ಸಾಲಿನ ಸಂಖ್ಯೆಯ ಬಗ್ಗೆ ಒಂದು ಎಚ್ಚರಿಕೆ. ಪದ್ಯದ ಸಾಲು ಎಲ್ಲ ಕಡೆ ಹೆಚ್ಚುಕಡಿಮೆ ಒಂದೇ ಕಡೆ ಮುರಿಯುತ್ತದೆ. ಗದ್ಯ ಹಾಗಲ್ಲ, ಕಾಲಮ್ಮಿನ ಅಗಲಕ್ಕೆ ತಕ್ಕಂತೆ ಮುರಿಯುತ್ತದೆ. ಹ್ಯಾಮ್ಲೆಟ್‌ನ ಎರಡನೇ ಅಂಕದ ಎರಡನೇ ದೃಶ್ಯದಲ್ಲಿ ಗದ್ಯ ಬಹಳ, ಆದ್ದರಿಂದ ಒಂದೇ ಮಾತು ಬೇರೆ ಬೇರೆ ಪುಸ್ತಕದಲ್ಲಿ ಹತ್ತಾರು ಸಾಲು ಹಿಂದೆ ಮುಂದೆ ಇರುತ್ತದೆ. ಪ್ರಬಂಧ ಬರೆಯುವಾಗ ಒಂದೇ ಆವೃತ್ತಿಯ ಸಂಖ್ಯೆ ಬಳಸಿ, ಯಾವುದೆಂದು ಮೊದಲ ಸಲವೇ ಹೇಳಿಬಿಡಿ. ವಿಮರ್ಶೆಯ ಪುಸ್ತಕದಿಂದ ಸಂಖ್ಯೆ ಎತ್ತಿ, ಮಾತನ್ನು ನಿಮ್ಮ ಪ್ರತಿಯಿಂದ ಹಾಕಿದರೆ ಎರಡೂ ಕೂಡುವುದಿಲ್ಲ; ಪರೀಕ್ಷಕರಿಗೆ ತಕ್ಷಣ ಗೊತ್ತಾಗುತ್ತದೆ.

ಜೊತೆಗೆ ಒಂದು ಕನ್ನಡ ಪ್ರತಿ

ಕನ್ನಡದಲ್ಲಿ ಓದಿಕೊಂಡು ಇಂಗ್ಲಿಷಿಗೆ ಹೋಗುವುದರಲ್ಲಿ ಕೀಳರಿಮೆ ಬೇಕಿಲ್ಲ. ಅನುವಾದ ಯಾವುದು, ರೂಪಾಂತರ ಯಾವುದು ಎಂಬ ವಿವೇಕ ಇದ್ದರೆ ಸಾಕು. ಕುವೆಂಪು ಅವರ ಬಿರುಗಾಳಿ, ರಕ್ತಾಕ್ಷಿ ರೂಪಾಂತರಗಳು. ಟೆಂಪೆಸ್ಟ್, ಹ್ಯಾಮ್ಲೆಟ್ ನಾಟಕಗಳು ಕನ್ನಡ ನಾಡಿನ ಹೆಸರು, ಹವೆ ಪಡೆದಿವೆ. ಸಾಲಿಗೆ ಸಾಲು ಇಟ್ಟು ನೋಡಲು ಅವು ಬರುವುದಿಲ್ಲ, ಒಬ್ಬ ದೊಡ್ಡ ಕವಿ ಆ ನಾಟಕವನ್ನು ಹೇಗೆ ಕೇಳಿಸಿಕೊಂಡ ಎಂದು ತಿಳಿಯಲು ಬರುತ್ತವೆ. ಡಿ.ವಿ. ಗುಂಡಪ್ಪನವರ ಮ್ಯಾಕ್‌ಬೆತ್, ಮಾಸ್ತಿಯವರ ಲಿಯರ್ ಮಹಾರಾಜ, ನಿಸಾರ್ ಅಹಮದರ ಒಥೆಲೊ ಇವು ಅನುವಾದಗಳು. ಮೂಲದ ಪಕ್ಕ ಇಟ್ಟುಕೊಂಡು ಓದುವುದು ಇವನ್ನು.

ಇಟ್ಟುಕೊಂಡಾಗ ಒಂದು ಕೆಲಸ ಮಾಡಿ ನೋಡಿ. ಮಾಸ್ತಿಯವರ ಲಿಯರ್ ತೆಗೆದು ಆ ವಿಚಾರಣೆಯ ಭಾಗ ಹುಡುಕಿ, ಆಮೇಲೆ ಕೊನೆಯ ಮಾತು ಯಾರ ಬಾಯಲ್ಲಿದೆ ನೋಡಿ. ನಿಸಾರ್ ಅವರ ಒಥೆಲೊ ತೆಗೆದು ಆ ಮುತ್ತು ಬಿಸಾಡಿದವನು ಯಾವ ದೇಶದವನೆಂದು ನೋಡಿ. ಅನುವಾದ ಮಾಡುವಾಗ ಅವರ ಮೇಜಿನ ಮೇಲೆ ಯಾವ ಪಾಠದ ಇಂಗ್ಲಿಷ್ ಪುಸ್ತಕ ತೆರೆದಿತ್ತು ಎಂಬುದಕ್ಕೆ ಸುಳಿವು ಅಲ್ಲೇ ಸಿಗುತ್ತದೆ.